ಒಂದನೇ ತಾರೀಕು ತಪ್ಪಿದಾಗ

ಮುಂಬಯಿಗೆ ದುಡಿಯಲು ಹೋದ ನಮ್ಮೂರವನಿಗೆ ಯಾವತ್ತೂ ಎರಡು ಒಲೆ. ಒಂದು ಅಲ್ಲಿ, ಇನ್ನೊಂದು ಊರಲ್ಲಿ. ಅಲ್ಲಿನ ಒಲೆಗೆ ಖೋಲಿಯ ಬಾಡಿಗೆ, ಗ್ಯಾಸು, ಲೋಕಲ್ ರೈಲಿನ ಪಾಸು ಬೇಕು. ಊರಿನ ಒಲೆಗೆ ಅಮ್ಮನ ಮಾತ್ರೆ, ತಂಗಿಯ ಫೀಸು, ಮಳೆಗಾಲಕ್ಕೆ ಮೊದಲು ಮಾಡಿಗೆ ನಾಲ್ಕು ಹೊಸ ಹಂಚು ಬೇಕು. ಎರಡಕ್ಕೂ ಸೌದೆ ಒಂದೇ ಜೇಬಿನಿಂದ ಹೋಗಬೇಕು, ಅದೂ ಒಂದನೇ ತಾರೀಕಿಗೆ ಸರಿಯಾಗಿ. ಸಂಬಳ ಕಡಿಮೆಯಾದರೆ ಹೇಗೋ ಹೊಂದಿಸಿಕೊಳ್ಳಬಹುದು. ಸಂಬಳದ ತಾರೀಕೇ ತಪ್ಪಿಹೋದರೆ ಏನು ಮಾಡೋದು?

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ನಾವು ಸತ್ತವರ ಲೆಕ್ಕದಲ್ಲಿ ಓದುತ್ತೇವೆ. ಹೊರನಾಡಿನಲ್ಲಿ ಬದುಕುವವರ ಮಟ್ಟಿಗೆ ಇನ್ನೊಂದು ಲೆಕ್ಕವೂ ಇದೆ. ದುಡಿದ ದಿನಕ್ಕೂ ದುಡ್ಡು ಕೈಗೆ ಬರುವ ದಿನಕ್ಕೂ ನಡುವೆ ಎಷ್ಟು ಅಂತರ, ಆ ಅಂತರವನ್ನು ದಾಟಿಸುವವರು ಯಾರು ಎಂಬ ಲೆಕ್ಕ. ಮುಂಬಯಿಯಲ್ಲಿ ಈ ಲೆಕ್ಕ ಮೂರು ಸಲ ಪೂರ್ತಿ ಕೆಟ್ಟಿತು: 1896ರ ಪ್ಲೇಗಿನಲ್ಲಿ, 1918ರ ಇನ್‌ಫ್ಲುಯೆಂಜಾದಲ್ಲಿ, 2020ರ ಕೊರೋನಾದಲ್ಲಿ. ಮೂರನ್ನೂ ಒಟ್ಟಿಗೆ ಇಟ್ಟು ನೋಡಲು ಚೆಂಬೂರು ಒಳ್ಳೆಯ ಜಾಗ.

ಚೆಂಬೂರು ಅಂದರೆ ಹಾರ್ಬರ್ ಲೈನಿನಲ್ಲಿ ಕುರ್ಲಾ ದಾಟಿದ ಮೇಲೆ ಎರಡನೇ ಸ್ಟೇಷನ್. ತುಳು, ಕೊಂಕಣಿ ಮಾತಾಡುವವರನ್ನೂ ಸೇರಿಸಿಕೊಂಡು ಹೇಳುವುದಾದರೆ ಇಲ್ಲಿ ನಮ್ಮವರಲ್ಲಿ ಎರಡು ಬಗೆ. ಮಾಹುಲ್‌ನ ತೈಲ ಶುದ್ಧೀಕರಣ ಘಟಕಗಳು, 1954ರಲ್ಲಿ ಶುರುವಾದ ಟ್ರಾಂಬೆಯ ಅಣುಶಕ್ತಿ ಕೇಂದ್ರ, 1965ರಿಂದ ಉತ್ಪಾದನೆಗೆ ಇಳಿದ ರಸಗೊಬ್ಬರ ಕಾರ್ಖಾನೆ ಇವುಗಳಲ್ಲಿ ಕೆಲಸಕ್ಕೆ ಸೇರಿ ತಿಂಗಳ ಸಂಬಳ, ಪ್ರಾವಿಡೆಂಟ್ ಫಂಡು ಕಂಡವರು ಒಂದು ಬಗೆ. ಹೋಟೆಲಿನಲ್ಲಿ ಟೇಬಲ್ಲು ಒರೆಸಿ, ಕ್ಯಾಂಟೀನಿನಲ್ಲಿ ದೋಸೆ ಹೊಯ್ದು, ಮುಂದೆ ಪುಣ್ಯವಿದ್ದರೆ ಗಲ್ಲಾದಲ್ಲಿ ಕೂತವರು ಇನ್ನೊಂದು ಬಗೆ. ಚೆಂಬೂರು ಕರ್ನಾಟಕ ಸಂಘದ ಶಾಲೆಗೆ ಇಬ್ಬರ ಮಕ್ಕಳೂ ಹೋದರು. ಆದರೆ ಇಬ್ಬರ ಮನೆಯ ಒಂದನೇ ತಾರೀಕು ಒಂದೇ ಥರ ಇರಲಿಲ್ಲ.

ಈ ಜಾಗ ಮುಂಬಯಿಗೆ ಜೋಡಿಕೊಂಡದ್ದೇ ಒಂದು ಸಾಂಕ್ರಾಮಿಕದಿಂದ ಎಂದರೆ ಆಶ್ಚರ್ಯವಾದೀತು. 1896ರ ಸೆಪ್ಟೆಂಬರ್‌ನಲ್ಲಿ ಮಾಂಡವಿಯಲ್ಲಿ ಡಾ. ಅಕಾಸಿಯೊ ವೀಗಸ್ ಪ್ಲೇಗನ್ನು ಗುರುತಿಸಿದರು. ಊರೊಳಗಿನ ಕಸವೇ ರೋಗಕ್ಕೆ ಮೂಲ ಎಂದು ಬಗೆದ ಮುನಿಸಿಪಾಲಿಟಿ, ಅದನ್ನು ದೂರ ಸಾಗಿಸಲು 1897ರಲ್ಲಿ ಚೆಂಬೂರಿನ ಪಕ್ಕದ ದೇವನಾರಿನಲ್ಲಿ ಜೌಗು ಭೂಮಿಯನ್ನು ಕೊಂಡಿತು. ಕಸ ಹೊತ್ತ ರೈಲು ಆ ಕಡೆ ಓಡತೊಡಗಿತು. ಜನ ಹತ್ತುವ ರೈಲು ಕುರ್ಲಾದಿಂದ ಚೆಂಬೂರಿಗೆ ಬಂದದ್ದು 1924ರಲ್ಲಿ. ಕಸದ ಹಿಂದೆ ಜನ ಬಂದರು ಅನ್ನಿ.

ಪ್ಲೇಗಿನ ಆ ಚಳಿಗಾಲದಲ್ಲಿ ಮುಂಬಯಿಯ ಅರ್ಧಕ್ಕರ್ಧ ಜನ ಊರು ಬಿಟ್ಟು ಓಡಿದರು. 1891ರಲ್ಲಿ 8.2 ಲಕ್ಷ ಇದ್ದ ಜನಸಂಖ್ಯೆ 1901ರ ಗಣತಿಯಲ್ಲೂ 7.8 ಲಕ್ಷವನ್ನು ದಾಟಲಿಲ್ಲ. ಓಡಿದವರ ಕಷ್ಟವನ್ನು ಬಹಳ ಜನ ಬರೆದಿದ್ದಾರೆ. ಉಳಿದವರು ಮಾಡಿದ್ದೊಂದು ಕೆಲಸ ಮಾತ್ರ ಅಷ್ಟಾಗಿ ನೆನಪಿನಲ್ಲಿಲ್ಲ. ಆ ಕಾಲದಲ್ಲಿ ಮಿಲ್ಲಿನ ಕೂಲಿ ತಿಂಗಳಿಗೊಮ್ಮೆ, ಅದೂ ತಿಂಗಳು ಮುಗಿದು ಹಲವು ದಿನ ಕಳೆದ ಮೇಲೆ. ಒಂದು ತಿಂಗಳಿಗಿಂತ ಹೆಚ್ಚಿನ ಬೆವರು ಸದಾ ಮಾಲೀಕನ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಅಲ್ಲಿಯವರೆಗೆ ವಾಣಿಯ ಅಂಗಡಿಯ ಉದ್ರಿ, ಪಠಾಣನ ಬಡ್ಡಿ, ಇವೆರಡೇ ಗತಿ. 1897ರ ಆರಂಭದಲ್ಲಿ ಕೆಲಸಕ್ಕೆ ಜನವೇ ಸಿಗದಾದಾಗ ಉಳಿದ ಕೂಲಿಗಳು ಪಟ್ಟು ಹಿಡಿದರು: ಇವತ್ತಿನ ಕೂಲಿ ಇವತ್ತೇ ಕೊಡಿ. ನಾಳೆ ನಾನಿರುತ್ತೇನೋ ನೀವಿರುತ್ತೀರೋ ಯಾರಿಗೆ ಗೊತ್ತು! ಮಿಲ್ಲಿನವರು ಒಪ್ಪಬೇಕಾಯಿತು. ದಿನದ ಕೂಲಿ ದಿನವೇ ಕೈಗೆ ಬಂತು. ಜನ ಮತ್ತೆ ತುಂಬಿಕೊಂಡ ಮೇಲೆ ಮಾಲೀಕರು ಹಳೆಯ ತಿಂಗಳ ಲೆಕ್ಕಕ್ಕೇ ಮರಳಿದರು. ಆದರೆ ರೋಗ ಬಂದಾಗ ಬಡವನು ಮೊದಲು ಕೇಳಿದ್ದು ಹೆಚ್ಚು ಕೂಲಿ ಅಷ್ಟೇ ಅಲ್ಲ, ಹತ್ತಿರದ ತಾರೀಕು ಎಂಬುದು ಗಮನಿಸಬೇಕಾದ ಮಾತು.

ಆಗ ಮುಂಬಯಿಯಲ್ಲಿ ನಮ್ಮವರು ಈಗಿನಷ್ಟು ಇರಲಿಲ್ಲ. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಆ ಕಡೆಯ ಸಾರಸ್ವತರು ಗುಮಾಸ್ತಿಕೆಗೆ ಬಂದಿದ್ದರು. ಕರಾವಳಿಯ ಮೊಗವೀರರು 1902ರಲ್ಲೇ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡಿದ್ದರು. ಪ್ಲೇಗು ಇನ್ನೂ ವರ್ಷ ವರ್ಷ ಮರಳಿ ಬರುತ್ತಿದ್ದ ಆ ದಿನಗಳಲ್ಲಿ, 1906ರ ಡಿಸೆಂಬರ್ 27ರಂದು, ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಶ್ಯಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಒಂದು ಪತ್ತಿನ ಸಹಕಾರ ಸಂಘ ತೆರೆದರು. ಇವತ್ತಿನ ಎಸ್‌ವಿಸಿ ಬ್ಯಾಂಕಿನ ಬೇರು ಅದು. ಸಣ್ಣ ಸಂಬಳದ ಗುಮಾಸ್ತನಿಗೆ ಪಠಾಣನ ಹತ್ತಿರ ಹೋಗದೆ ಕೈಸಾಲ ಸಿಗುವಂತಾಯಿತು.

ಮುಂದಿನ ಪೆಟ್ಟು 1918ರದ್ದು. ಜೂನ್‌ನಲ್ಲಿ ಬಂದರಿನ ಕಡೆಯಿಂದ ಹೊಕ್ಕ ಜ್ವರ ಮಳೆಗಾಲದಲ್ಲಿ ತಗ್ಗಿದಂತೆ ಮಾಡಿ ಸೆಪ್ಟೆಂಬರ್‌ನಲ್ಲಿ ದುಪ್ಪಟ್ಟು ಸಿಟ್ಟಿನಿಂದ ಮರಳಿತು. ಅಕ್ಟೋಬರ್ 6ರಂದು ಮುಂಬಯಿಯಲ್ಲಿ ಒಂದೇ ದಿನ 768 ಜನ ಸತ್ತರು. ಆ ವರ್ಷ ಮಳೆಯೂ ಕೈಕೊಟ್ಟಿತ್ತು, ಯುದ್ಧದಿಂದ ಧಾನ್ಯದ ಬೆಲೆ ಏರಿತ್ತು. ಜ್ವರ ಬಿಟ್ಟವನಿಗೆ ಹಸಿವು ಬಿಡಲಿಲ್ಲ. 1919ರ ಜನವರಿಯಲ್ಲಿ ಲಕ್ಷಕ್ಕೂ ಹೆಚ್ಚು ಮಿಲ್ ಕಾರ್ಮಿಕರು ಮುಷ್ಕರ ಹೂಡಿದ್ದು ಈ ಬೆಲೆಯೇರಿಕೆಯ ಬೆನ್ನಿಗೆ. ಈ ನಡುವೆ, ಎರಡನೇ ಅಲೆ ಏಳುತ್ತಿದ್ದ ಹೊತ್ತಿನಲ್ಲೇ, ಸೆಪ್ಟೆಂಬರ್ 14ರಂದು ಸಾರಸ್ವತ ಸಹಕಾರಿ ಬ್ಯಾಂಕಿಂಗ್ ಸೊಸೈಟಿ ಹುಟ್ಟಿತು. ಅದು ಸಾಲ ಕೊಡಲು ಒಪ್ಪಿದ ಕಾರಣಗಳು ಮೂರು: ಮನೆಯ ಮದುವೆ, ಹಳೆಯ ಸಾಲದ ತೀರುವಳಿ, ಔಷಧೋಪಚಾರ. ಒಂದು ಸಾಮಾನ್ಯ ಸಂಸಾರ ಎಲ್ಲೆಲ್ಲಿ ಕುಸಿಯುತ್ತದೆ ಎಂಬುದರ ಪಟ್ಟಿ ಆ ಮೂರು ಸಾಲಿನಲ್ಲಿದೆ.

ಇತ್ತ ಊರಿನಲ್ಲೂ ಇದೇ ಕಾಲ ಬ್ಯಾಂಕುಗಳ ಕಾಲ. 1906ರ ಮಾರ್ಚ್‌ನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೊದಲ ದಿನ ಅದರ ಹತ್ತಿರ ಸೇರಿದ್ದು 38 ರೂಪಾಯಿ 13 ಆಣೆ 2 ಪೈ. ಅದೇ ಜುಲೈನಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಫಂಡು, ಈಗಿನ ಕೆನರಾ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್. 1928ರಲ್ಲಿ ಸಿಂಡಿಕೇಟ್‌ನವರು ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆಯಾದರೂ ಸಾಕು, ಏಜೆಂಟನೇ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ದಿನ ದಿನದ ಗಳಿಕೆಯವನಿಗೆ ದಿನ ದಿನದ ಉಳಿತಾಯ. ಮೂವತ್ತು ವರ್ಷದ ಹಿಂದೆ ಪ್ಲೇಗಿನ ನಡುವೆ ಮಿಲ್ ಕೂಲಿಗಳು ಕೇಳಿದ್ದ ತಾರೀಕಿನ ತರ್ಕವನ್ನೇ ಇದು ಇನ್ನೊಂದು ತುದಿಯಿಂದ ಹಿಡಿದಿತ್ತು.

ಮುಂಬಯಿಯ ಹೋಟೆಲು ಬದುಕು ನಿಂತದ್ದು ಇಂಥ ಸಣ್ಣ ಏರ್ಪಾಡುಗಳ ಮೇಲೆ. ಹುಡುಗರ ನಡುವೆ ಚೀಟಿ, ಅಲ್ಲಿನ ಮಾತಿನಲ್ಲಿ ಭಿಶಿ. ಗಲ್ಲಾದ ಹತ್ತಿರ ಪಿಗ್ಮಿ. ಊರಿಗೆ ಮನಿಯಾರ್ಡರು. ಸ್ವಲ್ಪ ದೊಡ್ಡವರಾದ ಮೇಲೆ ಸಮಾಜದ ಸ್ವಂತ ಬ್ಯಾಂಕು: ಮೊಗವೀರರದು 1946ರಲ್ಲಿ, ಬಿಲ್ಲವರ ಭಾರತ್ ಬ್ಯಾಂಕ್ 1978ರಲ್ಲಿ. ಸಾಲ ಕೊಡುವ ಮೊದಲು ಕಾಗದಪತ್ರ ಕೇಳುವುದಕ್ಕಿಂತ "ನೀನು ಯಾವ ಊರಿನವ, ಯಾರ ಮಗ ಮಾರಾಯ" ಅಂತ ಕೇಳುತ್ತಿದ್ದ ಲೋಕ ಅದು. ಅದರಲ್ಲಿ ಜಾತಿಯ ಗೋಡೆಗಳಿದ್ದವು, ನಿಜ. ಆದರೆ ತಾರೀಕು ತಪ್ಪಿದವನ ಮುಖ ನೋಡಿ ನಿರ್ಧಾರ ಮಾಡುವ ಒಬ್ಬ ಮನುಷ್ಯ ಕೌಂಟರಿನ ಆಚೆ ಇದ್ದ.

ಇನ್ನು 2020. ಮಾರ್ಚ್ 22ರ ಜನತಾ ಕರ್ಫ್ಯೂ ಬೆನ್ನಿಗೇ ಲೋಕಲ್ ರೈಲು ನಿಂತಿತು. 25ರಿಂದ ದೇಶವೇ ಬೀಗ ಹಾಕಿಕೊಂಡಿತು. ಆಗ ಬಳಸಿದ ಕಾಯಿದೆಗಳಲ್ಲಿ ಒಂದು ಅದೇ ಹಳೆಯ 1897ರ ಪ್ಲೇಗು ಕಾಲದ್ದು. ವಾರ ಕಳೆದು ಏಪ್ರಿಲ್ ಒಂದನೇ ತಾರೀಕು ಬಂತು. ಅವತ್ತು ಎಷ್ಟೋ ಹೋಟೆಲು ಹುಡುಗರಿಗೆ ಸಂಬಳ ಬರಲಿಲ್ಲ. ಅವತ್ತೇ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ವಿಜಯಾ ಬ್ಯಾಂಕು ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲೇ ಬರೋಡಾದೊಳಗೆ ಸೇರಿಹೋಗಿತ್ತು. ಠೇವಣಿಗೆ ಏನೂ ಧಕ್ಕೆಯಿಲ್ಲ, ಪಾಸ್‌ಬುಕ್ಕಿನ ಮೇಲಿನ ಹೆಸರು ಮಾತ್ರ ಬದಲು. ಆದರೂ ಕರಾವಳಿಯಿಂದ ಹೋದವನಿಗೆ ಪಿಗ್ಮಿಯ ಬ್ಯಾಂಕಿನ ಹೆಸರು ಅಳಿಸಿಹೋಗಲು ಅದಕ್ಕಿಂತ ಕೆಟ್ಟ ಮುಹೂರ್ತ ಇರಲಿಲ್ಲ. ಸಮಾರಂಭ ಹೋಗಲಿ, ಹೊಸ ಬೋರ್ಡು ನೋಡಲು ಬೀದಿಯಲ್ಲಿ ಜನರೇ ಇರಲಿಲ್ಲ.

ಹೋಟೆಲು ಮುಚ್ಚಿದಾಗ ಕೆಲಸದವನಿಗೆ ಹೋಗುವುದು ಸಂಬಳ ಮಾತ್ರ ಅಲ್ಲ. ಅವನ ಮೂರು ಹೊತ್ತಿನ ಊಟ ಅಲ್ಲೇ, ಎಷ್ಟೋ ಜನ ರಾತ್ರಿ ಹಾಸಿಗೆ ಬಿಡಿಸುವುದೂ ಅಲ್ಲೇ. ಬೇರೆಯವರು ಒಂದು ಕಳೆದುಕೊಂಡಾಗ ಅವನು ಮೂರು ಕಳೆದುಕೊಂಡ. ಸರಕಾರ ಮಾರ್ಚ್ ಕೊನೆಯಲ್ಲಿ ಪ್ರಾವಿಡೆಂಟ್ ಫಂಡಿನಿಂದ ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯಷ್ಟು, ಅಥವಾ ಖಾತೆಯ ಮುಕ್ಕಾಲು ಭಾಗ, ಯಾವುದು ಕಡಿಮೆಯೋ ಅದನ್ನು ತೆಗೆಯಲು ಬಿಟ್ಟಿತು. ಆದರೆ ಆ ಕಾನೂನು ಸಾಮಾನ್ಯವಾಗಿ 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ. ಹನ್ನೆರಡು ಜನರ ಹೋಟೆಲಿನ ಹುಡುಗನಿಗೆ ಯಾವ ಫಂಡು? ಮಹಾರಾಷ್ಟ್ರದಲ್ಲಿ ಗಿರಾಕಿಗಳು ಮತ್ತೆ ಹೋಟೆಲಿನೊಳಗೆ ಕೂರಲು ಅನುಮತಿ ಸಿಕ್ಕಿದ್ದು ಅಕ್ಟೋಬರ್ 5ರಂದು, ಅದೂ ಅರ್ಧ ಕುರ್ಚಿಗಳಿಗೆ. ಆರು ಒಂದನೇ ತಾರೀಕುಗಳು ಆಗಲೇ ಕಳೆದಿದ್ದವು, ಏಳನೆಯದು ನಾಲ್ಕು ದಿನದ ಹಿಂದೆ ಹೋಗಿತ್ತು.

ಊರಿಗೆ ಹೋಗೋಣ ಅಂದರೆ ಮೇ 18ರಂದು ಕರ್ನಾಟಕ ಸರಕಾರ ತಿಂಗಳ ಕೊನೆಯವರೆಗೆ ಮಹಾರಾಷ್ಟ್ರದಿಂದ ಬರುವವರನ್ನು ಒಳಗೆ ಬಿಡುವುದಿಲ್ಲ ಎಂದಿತು. ಅದಕ್ಕೆ ಮೊದಲು ಪಾಸು ಪಡೆದು ಬಂದವರು ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಕ್ವಾರಂಟೈನಿನಲ್ಲಿದ್ದರು. ಉಡುಪಿ, ಮಂಡ್ಯ ಜಿಲ್ಲೆಗಳಲ್ಲಿ ಸೋಂಕಿನ ಸಂಖ್ಯೆ ಏರಿದಾಗ "ಮುಂಬಯಿಯಿಂದ ಬಂದವರು" ಎಂಬುದು ದಿನದ ಪ್ರಕಟಣೆಯ ಪದವಾಯಿತು. ಭಯ ನಿಜವಾದದ್ದೇ, ಯಾರನ್ನೂ ದೂರಿ ಫಲವಿಲ್ಲ. ಆದರೆ ಹಣದ ಲೆಕ್ಕದಲ್ಲಿ ಇದನ್ನು ಬರೆದಿಡಬೇಕು. ಮುಂಬಯಿಯವನು ನಾಲ್ಕು ಕಾಸು ಉಳಿಸಿದಾಗ ಅದನ್ನು ಬ್ಯಾಂಕಿನಲ್ಲಷ್ಟೇ ಇಟ್ಟವನಲ್ಲ. ಊರಿನ ಮನೆಗೆ ತಾರಸಿ ಹಾಕಿಸಿದ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ರಶೀದಿ ಹರಿಸಿದ, ಓದಿದ ಶಾಲೆಗೆ ಬೆಂಚು ಕೊಟ್ಟ. ಕಷ್ಟ ಬಂದರೆ ಊರಿದೆ ಎಂಬ ಧೈರ್ಯವೇ ಅವನ ಕೊನೆಯ ಠೇವಣಿ. ಅದನ್ನು ತೆಗೆಯಲು ಬಂದ ದಿನ ಕೌಂಟರು ಮುಚ್ಚಿತ್ತು. ಮುಂದೆ ತೆರೆಯಿತು. ಹಿಂದಿರುಗಿದವರಲ್ಲಿ ಕೆಲವರು ಗದ್ದೆಗಿಳಿದರು. 2021ರಲ್ಲಿ ಉಡುಪಿಯಲ್ಲಿ ಹಡಿಲು ಬಿದ್ದ ಭೂಮಿಯನ್ನು ಮತ್ತೆ ಉಳುವ ಆಂದೋಲನವೇ ನಡೆಯಿತು.

ಚೆಂಬೂರಿನ ಫ್ಲ್ಯಾಟಿನ ಸಂಬಳದಾರನ ಕಥೆ ಬೇರೆ. ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಸಾಲದ ಕಂತನ್ನು ಮೂರು ತಿಂಗಳು ಮುಂದೂಡಲು ಅವಕಾಶ ಕೊಟ್ಟಿತು, ಮೇ ತಿಂಗಳಲ್ಲಿ ಇನ್ನೂ ಮೂರು ತಿಂಗಳು ಸೇರಿಸಿತು. ಮುಂದೂಡುವುದು ಬೇರೆ, ಮಾಫಿ ಬೇರೆ. ಒಂದು ಲೆಕ್ಕ ಹಾಕಿ ನೋಡಿ. 30 ಲಕ್ಷದ ಹೊಸ ಮನೆಸಾಲ, ಶೇ. 8.5 ಬಡ್ಡಿ, 20 ವರ್ಷ ಅವಧಿ. ಕಂತು ಸುಮಾರು 26,035 ರೂಪಾಯಿ. ಆರು ತಿಂಗಳು ಕಟ್ಟದೆ ಬಿಟ್ಟರೆ ಸುಮಾರು 1.3 ಲಕ್ಷ ಬಡ್ಡಿ ಅಸಲಿಗೆ ಸೇರುತ್ತದೆ. ಬಡ್ಡಿದರವೂ ಕಂತೂ ಹಿಂದಿನಷ್ಟೇ ಇದ್ದರೆ ಸಾಲ ತೀರಲು 240ರ ಬದಲು ಸುಮಾರು 270 ಕಂತು ಬೇಕು. ಆರು ತಿಂಗಳ ಉಸಿರಿಗೆ ಎರಡೂವರೆ ವರ್ಷದ ಹೆಚ್ಚಿನ ಕಂತು! ಬಡ್ಡಿಯ ಮೇಲಿನ ಬಡ್ಡಿ ಬೇಡ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದದ್ದರಿಂದ, 2 ಕೋಟಿವರೆಗಿನ ಸಾಲಗಾರರಿಗೆ ಸರಕಾರ ಆ ನವೆಂಬರ್‌ನಲ್ಲಿ ಚಕ್ರಬಡ್ಡಿಯ ವ್ಯತ್ಯಾಸ ಹಿಂದಿರುಗಿಸಿತು. ನಮ್ಮ ಉದಾಹರಣೆಯ ಸಾಲಗಾರನಿಗೆ ಅದು ಸುಮಾರು 2,280 ರೂಪಾಯಿ. ಗೆದ್ದದ್ದು ಒಂದು ತಿಂಗಳ ಕಿರಾಣಿಯಷ್ಟೂ ಅಲ್ಲ.

ನಿವೃತ್ತರಿಗೆ ಪೆಟ್ಟು ಬೇರೆ ದಾರಿಯಿಂದ ಬಂತು. ಅದೇ ಏಪ್ರಿಲ್ ಒಂದರಿಂದ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸದಾಗಿ ಇಡುವ ಹಣಕ್ಕೆ ಬಡ್ಡಿ ಶೇ. 8.6ರಿಂದ 7.4ಕ್ಕೆ ಇಳಿಯಿತು. ಆಗಿನ ಗರಿಷ್ಠ ಮಿತಿ 15 ಲಕ್ಷ ಇಟ್ಟವರಿಗೆ ವರ್ಷಕ್ಕೆ 18,000 ರೂಪಾಯಿ ಖೋತಾ. ಮನೆಯ ಹೆಂಗಸರ ಚಿನ್ನ ಹೊರಬಂತು. ಆಗಸ್ಟ್‌ನಲ್ಲಿ 10 ಗ್ರಾಂಗೆ ಸುಮಾರು 56,000ದವರೆಗೆ ಏರಿದ್ದ ಬೆಲೆಗೆ, ಬ್ಯಾಂಕುಗಳು ಶೇ. 90ರವರೆಗೆ ಸಾಲ ಕೊಡಬಹುದೆಂದು ರಿಸರ್ವ್ ಬ್ಯಾಂಕು ಒಪ್ಪಿತು. 2021ರ ಮಾರ್ಚ್‌ಗೆ ಬೆಲೆ 45,000ದ ಆಸುಪಾಸಿಗೆ ಇಳಿದಾಗ ತುದಿಯವರೆಗೆ ಸಾಲ ತೆಗೆದವರ ಬಳೆಗಿಂತ ಸಾಲವೇ ಭಾರವಾಯಿತು.

ಎಲ್ಲಕ್ಕಿಂತ ಕ್ರೂರ ಪಾಠ ಪಂಜಾಬ್ ಆಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ ಠೇವಣಿದಾರರದು. 2019ರ ಸೆಪ್ಟೆಂಬರ್‌ನಲ್ಲಿ ಆ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಮೊದಲು ತೆಗೆಯಲು ಬಿಟ್ಟದ್ದು 1,000 ರೂಪಾಯಿ. ಹಂತ ಹಂತವಾಗಿ ಏರಿ 2020ರ ಜೂನ್‌ನಲ್ಲಿ 1 ಲಕ್ಷವಾಯಿತು. ಕೊರೋನಾದ ಎರಡು ಅಲೆಗಳನ್ನು ಅವರು ತಮ್ಮದೇ ದುಡ್ಡು ಕೈಗೆಟುಕದೆ ಕಳೆದರು. 2022ರ ಜನವರಿಯಲ್ಲಿ ಅದು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾಯಿತು. ಪಾಸ್‌ಬುಕ್ಕಿನಲ್ಲಿ ಅಂಕಿ ಇತ್ತು, ಅದು ಕೈಗೆ ಬರುವ ತಾರೀಕು ಇರಲಿಲ್ಲ. ಈ ನಡುವೆ ಎರಡು ಒಳ್ಳೆಯ ಕೆಲಸ ಆದವು: ಠೇವಣಿ ವಿಮೆ 2020ರ ಫೆಬ್ರವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು, 2021ರ ತಿದ್ದುಪಡಿಯಿಂದ ಅದನ್ನು 90 ದಿನದೊಳಗೆ ಕೊಡಬೇಕೆಂದಾಯಿತು. ಎರಡನೆಯದು ಹೆಚ್ಚು ಮುಖ್ಯ. ಅದು ದುಡ್ಡಿಗೆ ತಾರೀಕು ಕೊಟ್ಟಿತು.

2020ರ ಜುಲೈನಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆಯ ಸಮೀಕ್ಷೆ ನಡೆಯಿತು. ಚೆಂಬೂರು ಇರುವ ಎಂ-ವೆಸ್ಟ್ ಅದರಲ್ಲಿ ಒಂದು. ಮೂರೂ ಕಡೆ ಸೇರಿ ಝೋಪಡಪಟ್ಟಿಯವರಲ್ಲಿ ಶೇ. 57 ಜನರಿಗೆ, ಉಳಿದ ವಸತಿಗಳವರಲ್ಲಿ ಶೇ. 16 ಜನರಿಗೆ ಸೋಂಕು ಆಗಲೇ ಬಂದುಹೋಗಿತ್ತು. ಇಕ್ಕಟ್ಟು, ಎಲ್ಲರಿಗೂ ಸೇರಿದ ಶೌಚಾಲಯ ಇವು ಕಾರಣ. ಜೊತೆಗೆ, ಒಂದು ತಿಂಗಳ ಖರ್ಚು ಕೈಯಲ್ಲಿದ್ದವನು ಬಾಗಿಲು ಹಾಕಿಕೊಂಡು ಕೂರಬಲ್ಲ, ಇವತ್ತಿನದು ಇವತ್ತೇ ದುಡಿಯಬೇಕಾದವನು ಕೂರಲಾರ.

ಆರು ತಿಂಗಳ ಖರ್ಚನ್ನು ಬದಿಗಿಡಿ ಎಂದು ಕೊರೋನಾ ನಂತರ ಎಲ್ಲರೂ ಉಪದೇಶ ಮಾಡಿದರು. ಒಳ್ಳೆಯ ಮಾತೇ. ಹೊರನಾಡಿನವನು ಈ ಲೆಕ್ಕ ಹಾಕುವಾಗ ಎರಡೂ ಒಲೆಗಳನ್ನು ಸೇರಿಸಬೇಕು, ಊರಿಗೆ ಹೋಗುವ ಖರ್ಚನ್ನೂ ಸೇರಿಸಬೇಕು. ಎಲ್ಲವನ್ನೂ ಒಂದೇ ಬ್ಯಾಂಕಿನಲ್ಲಿಡಬಾರದು. ಯಾವ ಖಾತೆ ಎಲ್ಲಿದೆ, ವಾರಸುದಾರ ಯಾರು ಎಂದು ಊರಿನವರಿಗೂ ಹೇಳಿರಬೇಕು. ಆಗ ವರ್ಷಕ್ಕೆ 330 ರೂಪಾಯಿ ಕಡಿತವಾಗುತ್ತಿದ್ದ, 2022ರ ಜೂನ್‌ನಿಂದ 436 ಆದ ಜೀವನಜ್ಯೋತಿ ವಿಮೆಯಲ್ಲಿ ಸತ್ತವನ ಮನೆಗೆ 2 ಲಕ್ಷ ಬರುತ್ತದೆ. ಪಾಸ್‌ಬುಕ್ಕಿನ ಆ ಒಂದು ಸಾಲನ್ನು ಮನೆಯವರು ಓದಿದ್ದರೆ ಮಾತ್ರ.

ಇದಿಷ್ಟು ಅಲ್ಲಿರುವವರು ಮಾಡಬೇಕಾದ್ದು. ಇಲ್ಲಿರುವ ನಾವು, ಅವರು ಕಳಿಸಿದ ದುಡ್ಡಿನಲ್ಲಿ ಓದಿದವರು, ಮಾಡಬೇಕಾದ್ದೂ ಒಂದಿದೆ. ಅಣ್ಣ ಬೊಂಬಾಯಿಯಿಂದ ಎಷ್ಟು ಕಳಿಸುತ್ತಾನೆ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಕಳಿಸಿದ ಮೇಲೆ ಅವನ ಹತ್ತಿರ ಎಷ್ಟು ದಿನಕ್ಕಾಗುವಷ್ಟು ಉಳಿಯುತ್ತದೆ ಅಂತ ಕೇಳುವ ರೂಢಿ ಕಡಿಮೆ. ಮುಂದಿನ ಒಂದನೇ ತಾರೀಕಿನ ಫೋನಿನಲ್ಲಿ ಅದನ್ನೂ ಒಂದು ಮಾತು ಕೇಳಬಹುದು.